ಗೇಟಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಬೆಂಗಳೂರಿನ ಕತ್ರಿಗುಪ್ಪೆಯ ನಮ್ಮ ಬಾಡಿಗೆ ಮನೆಗೆ ಬಂದವರೆಲ್ಲ ಗೇಟು ಮುಟ್ಟಿದ ಕೈಯನ್ನು ಒರೆಸಿಕೊಳ್ಳುತ್ತಲೇ ಒಳಗೆ ಬರುತ್ತಿದ್ದರು. ಅಪ್ಪ ಪ್ರತಿ ಭಾನುವಾರ ಹಳೆಯ ಬನಿಯನ್ನಿನ ತುಂಡನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಗೇಟು, ಕಿಟಕಿಯ ಸರಳು, ನನ್ನ ಸೈಕಲ್ಲು ಎಲ್ಲಕ್ಕೂ ಸವರುತ್ತಿದ್ದರು. "ತಲೆಗೆ ಹಾಕ್ಕೊಳ್ಳೋಕೆ ಎಣ್ಣೆ ಇಲ್ಲ, ಗೇಟ್‌ಗೆ ಮಾತ್ರ ಧಾರಾಳ" ಎಂದು ಅಮ್ಮ ಗೊಣಗುವುದೂ ಭಾನುವಾರದ ಕೆಲಸಗಳಲ್ಲಿ ಒಂದಾಗಿತ್ತು.

ಆ ಅಭ್ಯಾಸ ಸಮುದ್ರದ್ದು. ನಾನು ಹುಟ್ಟಿ ಬೆಳೆದದ್ದು ಪೂರ್ವದ ಕಡಲ ದಂಡೆಯ ಪುಟ್ಟ ರೈಲ್ವೆ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ; ಅಪ್ಪ ಅಲ್ಲಿ ಸ್ಟೇಷನ್ ಮಾಸ್ಟರ್. ಬ್ರಿಟಿಷರ ಕಾಲದಲ್ಲಿ ಉಪ್ಪು ಸಾಗಿಸಲೆಂದೇ ಕಟ್ಟಿದ ಸ್ಟೇಷನ್ ಅದು. ಆಮೇಲೆ ಉಪ್ಪೆಲ್ಲ ಲಾರಿಗಳ ಪಾಲಾಯಿತು. ನಮಗೆ ಉಳಿದದ್ದು ಬೆಳಿಗ್ಗೆ ಬಂದು ಸಂಜೆ ಮರಳುವ ಒಂದು ಪ್ಯಾಸೆಂಜರ್ ರೈಲು, ಅದನ್ನು ಹತ್ತುವ ಮೀನುಬುಟ್ಟಿಯ ಹೆಂಗಸರು. ಉಪ್ಪುಗಾಳಿ ಕಬ್ಬಿಣವನ್ನು ತಿಂದುಹಾಕುತ್ತದೆಂದು ಅಲ್ಲಿ ವಾರಕ್ಕೊಮ್ಮೆ ಎಲ್ಲದಕ್ಕೂ ಎಣ್ಣೆ ಸವರುತ್ತಿದ್ದರು. ಮೊದಲ ಮರ್ಯಾದೆ ಪ್ಲಾಟ್‌ಫಾರ್ಮಿನ ಗಂಟೆಗೆ. ಗಂಟೆಯೆಂದರೆ ಕೊಕ್ಕೆಗೆ ತೂಗುಹಾಕಿದ ಒಂದು ತುಂಡು ಹಳಿ. ಅದನ್ನು ಬಡಿದರೆ ಸದ್ದು ಮರಳಿನ ಮೇಲೆ ನಡೆದುಕೊಂಡು ಹೋಗಿ ಅಲೆಗಳನ್ನು ಮುಟ್ಟಿ ಬರುತ್ತದೆಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ನಗುವವರು ನಗಲಿ.

ತೊಂಬತ್ತರ ದಶಕದ ಶುರುವಿನಲ್ಲಿ ಸಮುದ್ರ ಹಳಿಯ ಬುಡವನ್ನೇ ಕೊರೆಯತೊಡಗಿತು. ರೈಲು ನಿಂತಿತು. ಸ್ಟೇಷನ್ನನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ ಎಂದು ಮೇಲಿನವರು ತಿಳಿಸಿದರು. ಆ 'ತಾತ್ಕಾಲಿಕ'ವನ್ನು ಅಪ್ಪ ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಯ ದಿನ ಗಂಟೆಗೆ ದಪ್ಪಗೆ ಎಣ್ಣೆ ಹಚ್ಚಿ, ಬಾಗಿಲಿಗೆ ಬೀಗ ಹಾಕಿ, ವರ್ಗವಾಗಿ ಬೆಂಗಳೂರಿಗೆ ಬಂದರು. ಮತ್ತೆ ತೆರೆದಾಗ ತಮ್ಮನ್ನೇ ಕರೆಯುತ್ತಾರೆ, ಅಲ್ಲಿಯವರೆಗೆ ಕೈಯ ರೂಢಿ ತಪ್ಪಬಾರದು ಎನ್ನುವುದು ಅವರ ಲೆಕ್ಕಾಚಾರ.

ಭಾನುವಾರ ಅವರು ಗೇಟಿಗೆ ಎಣ್ಣೆ ಸವರುವುದನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಬಿಸಿಲಿಗೆ ಕಾದ ಕಬ್ಬಿಣದಿಂದ ಎಣ್ಣೆಯ ವಾಸನೆ ಏಳುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ದೂರದ ಬಸ್ಸುಗಳ ಮೊರೆತ ಅಲೆಯಾಗುತ್ತಿತ್ತು, ಎದುರುಮನೆಯ ತಂತಿಯ ಮೇಲಿನ ಸೀರೆ ಹಾಯಿಯಾಗುತ್ತಿತ್ತು. ಅಪ್ಪನಿಗೂ ಹಾಗೇ ಆಗುತ್ತಿತ್ತೇನೋ. ಕೇಳಿದ್ದರೆ ಬೈಯುತ್ತಿದ್ದರು.

ನಮ್ಮ ಓನರ್ ಕತ್ರಿಗುಪ್ಪೆ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿಯವರೇ. ನಮ್ಮ ಬೀದಿ ಒಂದು ಕಾಲಕ್ಕೆ ಅವರ ರಾಗಿ ಹೊಲ. ಮಗಳ ಮದುವೆಗೆಂದು ಮನೆಗೆಲ್ಲ ಬಣ್ಣ ಹೊಡೆಸಿದರು. ಗೇಟಿನ ಸರದಿ ಬಂದಾಗ ಹಸಿರು ಪೇಂಟು ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಇಳಿಯಿತು. ಪೇಂಟರ್ ಹೋಗಿ ಓನರನ್ನೇ ಕರೆತಂದ.

"ಏನ್ ಸಾರ್, ಗೇಟ್‌ಗೆ ಎಣ್ಣೆ ಸ್ನಾನ ಮಾಡ್ಸಿದೀರಾ?" ಎಂದರು ಓನರ್.

"ಉಪ್ಪು ಗಾಳಿ ಅಲ್ವಾ, ತುಕ್ಕು ಹಿಡಿಯುತ್ತೆ" ಎಂದುಬಿಟ್ಟರು ಅಪ್ಪ.

"ಕತ್ರಿಗುಪ್ಪೇಲಿ ಉಪ್ಪು ಗಾಳಿನಾ ಸಾರ್?"

ಅಪ್ಪನ ಮುಖ ಸಪ್ಪಗಾಯಿತು. ಓನರ್ ಅದನ್ನು ಗಮನಿಸಿದರು. ರಸ್ತೆಯ ಕಡೆ ತಿರುಗಿ, "ಇರ್ಲಿ ಬಿಡಿ ಸಾರ್. ಮಳೆ ಹುಯ್ದ್ರೆ ನಾನೂ ಇವತ್ತಿಗೂ ಹೊಲ ನೋಡೋಕೆ ಎದ್ದ್ ಬರ್ತೀನಿ. ನೋಡಿದ್ರೆ ಬರೀ ಟಾರು" ಎಂದರು. ಮದುವೆಮನೆಯಲ್ಲಿ ನಮ್ಮ ಗೇಟು ಮಾತ್ರ ಕಪ್ಪಗೇ ಉಳಿಯಿತು. ಆ ಮನುಷ್ಯನ ಮೇಲೆ ನನಗೆ ಅವತ್ತಿನಿಂದ ಬಹಳ ಪ್ರೀತಿ.

ಅಪ್ಪ ರಿಟೈರ್ ಆದರು. ಕರೆ ಬರಲಿಲ್ಲ. ಎರಡು ಸಾವಿರದ ಇಸವಿಯ ಆಚೆ ನನಗೆ ಕೆಲಸ ಸಿಕ್ಕ ಮೇಲೆ, "ಒಂದ್ಸಲ ನೋಡ್ಕೊಂಡ್ ಬರೋಣ ಬಾಪ್ಪ" ಎಂದು ನಾನೇ ಹೊರಡಿಸಿದೆ. ಅವರ ಚೀಲದಲ್ಲಿ ಎಣ್ಣೆಯ ಬಾಟಲಿ ಇತ್ತು.

ಸ್ಟೇಷನ್ನಿಗೆ ಸೂರಿರಲಿಲ್ಲ. ಪ್ಲಾಟ್‌ಫಾರ್ಮಿನ ಅರ್ಧ ಮರಳಿನಡಿ ಮಲಗಿತ್ತು. ಅಪ್ಪ ಬೀಗ ಹಾಕಿದ್ದ ಬಾಗಿಲೇ ಇಲ್ಲ. ಟಿಕೆಟ್ ಕೊಡುವ ಕಿಟಕಿಯೊಳಗಿಂದ ಸಮುದ್ರ ಕಾಣುತ್ತಿತ್ತು. ಎಷ್ಟು ಚೆಂದ ಕಾಣುತ್ತಿತ್ತೆಂದರೆ ನನಗೆ ಸಿಟ್ಟು ಬಂತು. ಗಂಟೆಯನ್ನು ಯಾರೋ ಒಯ್ದಿದ್ದರು, ಕೊಕ್ಕೆಯೊಂದೇ ಉಳಿದಿತ್ತು. ಅಪ್ಪ ಬಟ್ಟೆಗೆ ಎಣ್ಣೆ ಹಾಕಿ ಅದನ್ನು ಒರೆಸಿದರು. ಕೆಂಪು ಪುಡಿ ಉದುರುತ್ತಲೇ ಹೋಯಿತು, ಕೊನೆಗೆ ಕೊಕ್ಕೆಯೇ ಮುರಿದು ಅವರ ಕೈಗೆ ಬಂತು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಸ್ಟೇಷನ್ ಇನ್ನು ತೆಗೆಯಲ್ಲ ಕಣೇ" ಎಂದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಮುಂದಿನ ಭಾನುವಾರ ಅಪ್ಪ ಎಣ್ಣೆ ಕೇಳಲಿಲ್ಲ. ಅಮ್ಮನಿಂದ ಸೀಗೆಪುಡಿ ಇಸಿದುಕೊಂಡು ಗೇಟಿನ ಸರಳುಗಳನ್ನೆಲ್ಲ ತಿಕ್ಕಿದರು. ನಾನು ನೀರು ಹೊಯ್ದೆ. ವರ್ಷಗಳ ಎಣ್ಣೆ ಕಂದು ನೊರೆಯಾಗಿ ಚರಂಡಿಗೆ ಹರಿಯಿತು. "ಸಾರ್, ಪೇಂಟರ್‌ನ ಕರೆಸಿ, ಈಗ ಹಿಡಿಯುತ್ತೆ" ಎಂದು ಓನರಿಗೆ ಅವರೇ ಹೇಳಿದರು.

ಹಸಿರು ಬಣ್ಣ ಒಣಗಿದ ಮೇಲೆ ಅಪ್ಪ ಹಾಲು ತಂದು ಗೇಟು ಹಾಕಿ ಒಳಗೆ ಬಂದರು. ಬಂದವರೇ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮತ್ತೆ ಅದನ್ನೇ ನೋಡಿದರು. ಕೈಯಲ್ಲಿ ಏನೂ ಇರಲಿಲ್ಲ.