ಲಗಮಪ್ಪನ ಎದೆಯ ಕಾವು

“ಅಂಗಿ ತಗಿ ಅಂದ್ರು ಸಿಸ್ಟರ್. ನಾ ನಾಚ್ಕೊಂಡು ನಿಂತೆ. ‘ತಾಯಿ ಹೋಗ್ಯಾಳ, ಕೂಸಿಗೆ ಕಾವು ಯಾರು ಕೊಡ್ಬೇಕು?’ ಅಂದ್ರು. ದಿನಾ ತುಂಬದ ಕೂಸ್ರಿ, ಅಂಗೈಯಾಗ ಹಿಡೀತಿತ್ತು. ನನ್ನ ಬರೀ ಎದಿ ಮ್ಯಾಲ ಕಪ್ಪಿಮರಿ ಹಾಂಗ ಬೋರಲು ಹಾಕಿ, ನನ್ನ ಹೇಣ್ತಿ ಸಪನಾನ ಹಳೆ ಸೀರಿಲೆ ಕಟ್ಟಿದ್ರು. ಮೊದಲ ನನಗೇನೂ ಅನಸ್ಲಿಲ್ಲ, ಖರೇ ಹೇಳ್ತೀನಿ. ಇದನ್ನ ಹಡದು ಆಕಿ ಸತ್ಲು ಅಂತ ಸಿಟ್ಟಿತ್ತು. ಆಮ್ಯಾಲ ಅದು ಉಸಿರು ಬಿಟ್ಟಾಗ ನಾನೂ ಬಿಡಾಕತ್ತೆ. ತೂಕ ಮಾಡಾಕ ಒಯ್ದ್ರ ಸಾಕು, ಎದಿ ತಣ್ಣಗಾಗ್ತಿತ್ತು.”

ಹೀಗೆ ಹೇಳಿದ ಲಗಮಪ್ಪ ಸದಲಗಾ ಕಡೆಯ ಕಬ್ಬು ಕಡಿಯುವವನು, ಮಾತು ಕಡಿಮೆ. ಹೆಂಡತಿ ಹೋದ ಮೇಲೆ ದವಾಖಾನೆಯಲ್ಲಿ ಮಗಳನ್ನು ಎದೆಗೆ ಕಟ್ಟಿಕೊಂಡು ಕೂತವನನ್ನು ನೋಡಲು ಜೊತೆಗಾರ ಸಂಭಾಜಿ ಬಂದಿದ್ದ.

“ಏನ್ಲೇ ಲಗಮ್ಯಾ, ಹಾಲು ಬಿಟ್ಟೀಯೋ ಇಲ್ಲೋ?”

“ನಿನಗೂ ಬೇಕೇನ್ಲೇ? ಪಾಳಿಗೆ ನಿಂದ್ರು.”

ಸಿಸ್ಟರ್ ನಗಲಿಲ್ಲ. “ಕೂಸು ಮೈಗೆ ಹತ್ತಿದ್ರ ಮೆದುಳಿನ್ಯಾಗ ಮಾಯಾ ಹಚ್ಚೂ ಒಂದು ರಸ ಹುಟ್ತೈತ್ರಿ. ಹಡದಾಕಿಗಷ್ಟ ಅಲ್ಲ, ಹೊತ್ತಾವಗೂ. ಒಂದು ಜಾತಿ ಸಣ್ಣ ಮಂಗ್ಯಾ ಅದಾವ, ಅದರಾಗ ಗಂಡೇ ಮರಿ ಹೊತ್ಕೊಂಡು ತಿರಗ್ತೈತಿ. ತಾಯಿ ಹಾಲು ಕುಡಿಸಾಕಷ್ಟ ತಗೊಂತೈತಿ.”

ಆ ಹಾಲೇ ಇಲ್ಲಿ ಇರಲಿಲ್ಲ. ಮನೆಗೆ ಬಂದ ಮೇಲೆ ಡಬ್ಬಿ ಹಾಲು ಕೂಸಿಗೆ ಒಗ್ಗಲಿಲ್ಲ. ಭೇದಿ ಹತ್ತಿ ಕೈಕಾಲು ಕಡ್ಡಿಯಾದವು. ಏಕಸಂಬಿಯಿಂದ ಅತ್ತೆ ಅಕ್ಕುತಾಯಿ ಬಂದಳು.

“ಅಳಿಯಾರ, ನಿಮ್ಮ ಎದ್ಯಾಗ ಕಾವು ಐತಿ, ಹಾಲಿಲ್ಲ. ನನ್ನ ಹಿರೇಮಗಳು ಹಸೀ ಬಾಣಂತಿ, ಹಾಲು ಸುರೀತೈತಿ. ಕೊಡ್ರಿ.”

“ನಾನೂ ಬರ್ತೀನ್ರಿ. ಕಟ್ಟಿ ಮ್ಯಾಲ ಬಿದ್ದಿರ್ತೀನಿ.”

“ಬ್ಯಾಡ್ರಿ. ಅದಕ್ಕ ಆಕಿ ವಾಸನಿ ಹತ್ತಬೇಕು. ನಿಮ್ಮ ವಾಸನಿ ಬಂದ್ರ ಮಲಿ ಹಿಡಿಯೂದಿಲ್ಲ. ಸುಗ್ಗಿ ಮುಗಿಯೂತನ ನಮ್ಮ ಕಡೆ ಬರಬ್ಯಾಡ್ರಿ.”

ಕೊಡದಿದ್ದರೆ ಕೂಸು ಉಳಿಯದು. ಲಗಮಪ್ಪ ಸೀರೆಯ ಗಂಟು ಬಿಚ್ಚಿದ. ಕೂಸು ಎದೆಯ ಕೂದಲು ಹಿಡಿದುಕೊಂಡಿತ್ತು, ಮಂಗನ ಮರಿ ಹಿಡಿದ ಹಾಗೆ. ಅವನಿಗೆ ಬಿಡಿಸಲು ಕೈಬರಲಿಲ್ಲ. ಅಕ್ಕುತಾಯಿಯೇ ಒಂದೊಂದಾಗಿ ಬೆರಳು ಬಿಡಿಸಿದಳು.

ಆಮೇಲೆ ಅವನಿಗೆ ಬೋರಲು ಮಲಗುವುದೇ ಆಗಲಿಲ್ಲ. ಕೆಳಗೆ ಏನೋ ಅಪ್ಪಚ್ಚಿಯಾದೀತು ಎಂದು ಮೈಯೇ ತಿರುಗುತ್ತಿತ್ತು. ಕಬ್ಬಿನ ಸಾಲಲ್ಲಿ ಕುಡುಗೋಲು ನಿಲ್ಲಿಸಿ ಎದೆ ಮುಟ್ಟಿಕೊಳ್ಳುತ್ತಿದ್ದ. ಸಂಭಾಜಿ ನೋಡುತ್ತಿದ್ದ, ಚೇಷ್ಟೆ ಮಾಡುವುದನ್ನು ಬಿಟ್ಟಿದ್ದ.

ಸುಗ್ಗಿ ಮುಗಿದ ಮಾರನೆಯ ದಿನವೇ ಏಕಸಂಬಿಗೆ ಹೋದ. ಮಗಳು ಗುಂಡಗಾಗಿದ್ದಳು. ಎತ್ತಿಕೊಳ್ಳಲು ಕೈಚಾಚಿದ್ದೇ ತಡ, ಕಿಟಾರನೆ ಕಿರುಚಿ ದೊಡ್ಡಮ್ಮನ ಎದೆಯಲ್ಲಿ ಮುಖ ಹುದುಗಿಸಿದಳು.

“ಗಡ್ಡಕ್ಕ ಅಂಜ್ಯಾಳ್ರಿ,” ಎಂದಳು ಆ ದೊಡ್ಡಮ್ಮ, ಪಾಪ, ತಾನೇ ತಪ್ಪು ಮಾಡಿದವಳಂತೆ.

ಒಮ್ಮೆ ಎದೆಗೆ ಹಾಕಿಕೊಂಡರೆ ಗುರುತು ಹಿಡಿದಾಳು ಅನ್ನಿಸಿತು. ಕೈ ಅಂಗಿಯ ಗುಂಡಿಗೆ ಹೋಯಿತು. ಹೆಂಗಸರು ಕೂತ ಅಂಗಳ, ಕೈ ಕೆಳಗಿಳಿಯಿತು. ಸಿಸ್ಟರ್ ಹೇಳಿದ ರಸ ಈಗ ಆ ಇಬ್ಬರ ನಡುವೆ ಹರಿಯುತ್ತಿತ್ತು. ಇವನದಿನ್ನೂ ಬತ್ತಿರಲಿಲ್ಲ, ಅಷ್ಟೇ.

“ಜೀವ ಉಳೀತಲ್ರಿ ಅಳಿಯಾರ,” ಎಂದಳು ಅಕ್ಕುತಾಯಿ.

“ಹೌದ್ರಿ. ಇಲ್ಲೇ ಇರ್ಲಿ ಬಿಡ್ರಿ.”

ಸಂಜೆ ಬಸ್ಸಿಗೆ ಮನೆಗೆ ಬಂದ. ಒಲೆ ಹೊತ್ತಿಸಿ, ಎಸರಿಟ್ಟು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದ.