ಸಂಗಪ್ಪ ಕಾಕಾರ ಆಯೇರಿ ವ್ಯಾಪಾರ

ಎಮ್ಮೆಯ ಕರುವಿಗೆ ತೊಟ್ಟಿಲು ಕಟ್ಟಿ, ಓಣಿಗೆಲ್ಲ ಊಟ ಹಾಕಿ ಹೆಸರಿಟ್ಟ ಮನುಷ್ಯರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯ ಸಂಗಪ್ಪ ಕಾಕಾ. ಕರು ತೊಟ್ಟಿಲಲ್ಲಿ ಹಿಡಿಸಲಿಲ್ಲ, ಅದು ಬೇರೆ ಮಾತು. ಅದನ್ನು ಪಕ್ಕದಲ್ಲಿ ನಿಲ್ಲಿಸಿ ಬರೀ ತೊಟ್ಟಿಲು ತೂಗಿದರು. ಬಂದವರು ಉಂಡರು, ನಕ್ಕರು, ಹೋಗುವಾಗ ಆಯೇರಿ ಮಾಡಿ ಹೋದರು. ಕಾಕಾರಿಗೆ ಬೇಕಾಗಿದ್ದದ್ದೂ ಅದೇ.

ಶುಭಕಾರ್ಯಕ್ಕೆ ಹೋದವರು ರೊಕ್ಕವನ್ನೋ ಬಟ್ಟೆಯನ್ನೋ ಕೊಡುವುದಕ್ಕೆ ನಮ್ಮಲ್ಲಿ ಆಯೇರಿ ಎನ್ನುತ್ತಾರೆ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ತೆಗೆದುಕೊಂಡವರು ಅಷ್ಟಕ್ಕೆ ತುಸು ಸೇರಿಸಿ ತಿರುಗಿ ಮಾಡಬೇಕು. ನಾವೆಲ್ಲ ಇದನ್ನು ಬಳಗದ ಪ್ರೀತಿ ಎಂದುಕೊಂಡಿದ್ದೆವು. ಗಂಜಿನ, ಅಂದರೆ ಕಾಳುಕಡಿ ಪೇಟೆಯ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾಗಿದ್ದ ಕಾಕಾ ಇದರಲ್ಲಿ ಬಂಡವಾಳ ಕಂಡರು.

"ಬಡ್ಡಿ ಇಲ್ಲ, ಜಾಮೀನ ಇಲ್ಲ. ಇಂಥಾ ರೊಕ್ಕ ಯಾವ ಬ್ಯಾಂಕಿನಾಗ ಸಿಗ್ತದ ಹೇಳ್ರಿ ಮಾಸ್ತರ?" ಎಂದು ನನ್ನನ್ನು ಕೇಳುತ್ತಿದ್ದರು. ನಾನಾಗ ಹೊಸದಾಗಿ ಸಾಲಿ ಮಾಸ್ತರನಾಗಿದ್ದೆ. ದನಿ ದೊಡ್ಡದೆಂದು ಕಾಕಾ ನನ್ನನ್ನು ಚಪ್ಪರದಲ್ಲಿ ನಿಲ್ಲಿಸಿ, ಯಾರು ಎಷ್ಟು ಆಯೇರಿ ಮಾಡಿದರೆಂದು ಕೂಗಿಸುತ್ತಿದ್ದರು. "ಜೋರ್ಲೆ ಕೂಗ್ರಿ. ಹಿಂದ ನಿಂತವ ಕಿಸೇದಾಗ ಇನ್ನೊಮ್ಮಿ ಕೈ ಹಾಕಬೇಕು!"

ಬಾಗಿಲು ಬದಲಾಯಿಸಿದರೆ ವಾಸ್ತುಶಾಂತಿ, ಕಾಕಿ ತುಳಜಾಪುರಕ್ಕೆ ಹೋಗಿಬಂದರೆ ಊಟ. ಕೂಡಿದ ರೊಕ್ಕದಲ್ಲಿ ಸುಗ್ಗಿಗೆ ಔರಾದ, ಸಂತಪುರದ ತೊಗರಿ ಕೊಂಡಿಟ್ಟು, ಧಾರಣೆ ಏರಿದಾಗ ಮಾರುತ್ತಿದ್ದರು. ಗಂಜಿನಲ್ಲಿ ಸ್ವಂತ ಅಂಗಡಿ ಹಾಕಬೇಕು, ಗಾದಿಯ ಮೇಲೆ ಲೋಡಿಗೆ ಒರಗಿ ಕೂತು ನಾಲ್ಕು ಜನರಿಂದ 'ಸಾವಕಾರ' ಅನ್ನಿಸಿಕೊಳ್ಳಬೇಕು, ಅದೊಂದೇ ಆಸೆ. ಆ ಆಸೆಯ ಅಡಿಯಲ್ಲಿ ಸಿಕ್ಕಿಕೊಂಡವಳು ಮಗಳು ಶಾಂತಾ. ಔರಾದಿನ ಕಿರಾಣಿ ಅಂಗಡಿಯ ಹುಡುಗನೊಂದಿಗೆ ಅವಳ ನಿಶ್ಚಯವಾಗಿತ್ತು. ಲಗ್ನವನ್ನು ಮಾತ್ರ ಕಾಕಾ ಮುಂದೂಡುತ್ತಲೇ ಇದ್ದರು.

"ಈಗ ಮಾಡಿದರ ಮುನೀಮನ ಮಗಳ ಆಯೇರಿ ಬರ್ತದ. ಅಂಗಡಿ ಆಗ್ಲಿ, ಸಾವಕಾರನ ಮಗಳ ಆಯೇರಿ ನೋಡೀರಂತ!"

ಈ ಮಾತಿಗೆ ಮೊದಮೊದಲು ಶಾಂತಾ ನಗುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋಗತೊಡಗಿದಳು.

ಅಷ್ಟರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಊರೆಲ್ಲ ತೋರಣ ಕಟ್ಟಿದರೆ ಕಾಕಾ ಚಪ್ಪರ ಹಾಕಿದರು. "ಹೈದರಾಬಾದದ ಮನಿ ಬಿಟ್ಟು ನಮ್ಮ ಜಿಲ್ಲಾ ಅನ್ನೋ ಮಗಳು ಮೈಸೂರ ಮನಿಗೆ ಹೊಂಟಾಳ. ಖಾಲಿ ಕೈಲೆ ಕಳಸ್ತೀರೇನು?" ಮೈಸೂರು ಕಡೆಯಿಂದ ಕಚೇರಿಗೆ ಹೊಸದಾಗಿ ಬಂದಿದ್ದ ಗುಮಾಸ್ತರೊಬ್ಬರನ್ನು ಹಿಡಿದು ತಂದು ಬೀಗರೆಂದು ಕೂರಿಸಿ ತಲೆಗೆ ಪಟಗಾ ಸುತ್ತಿದರು. ಅವರು "ಅಯ್ಯೋ, ನಂಗ್ಯಾಕೆ ಸ್ವಾಮಿ ಇದೆಲ್ಲಾ?" ಎನ್ನುತ್ತಿರುವಾಗಲೇ ಆಯೇರಿ ಸುರಿಯಿತು. ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು.

ಯಾರೋ ಕೇಳಿಯೇಬಿಟ್ಟರು: "ಇದನ್ನ ತಿರುಗಿ ಮಾಡೋರು ಯಾರ್ರಿ?"

"ಮೈಸೂರ ಸರ್ಕಾರದ ಮನ್ಯಾಗ ಲಗ್ನ ಆಗ್ಲಿ, ನಾನೇ ಮಾಡ್ತೇನಿ!"

ಆ ರೊಕ್ಕವೆಲ್ಲ ತೊಗರಿಯಾಗಿ ಕಾಕಾರ ಪಡಸಾಲೆ ತುಂಬಿತು. ಆ ವರ್ಷವೇ ಬೆಳೆ ಮೈತುಂಬ ಬಂದು ಧಾರಣೆ ನೆಲ ಹಿಡಿಯಿತು. ಸಂಗಪ್ಪನ ಕೈ ಖಾಲಿಯಾಗಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಕೊಟ್ಟದ್ದನ್ನು ವಸೂಲು ಮಾಡಲು ಊರಿಗೆ ಊರೇ ಶುಭಕಾರ್ಯಕ್ಕೆ ನಿಂತಿತು. ಒಬ್ಬಳೇ ಬಸುರಿಗೆ ಎರಡು ಸಲ ಕುಬಸ ಮಾಡಿದರು. ಒಂದು ಮನೆಯಲ್ಲಿ ಅಜ್ಜನ ಕಿವಿ ಚುಚ್ಚಿಸಿದರು. ಠಾಣಾ ಕುಶನೂರಿನವರೊಬ್ಬರು ಹೋರಿಗೆ ಹೆಸರಿಡುತ್ತೇವೆ ಬನ್ನಿ ಎಂದಾಗ ಕಾಕಾರಿಗೆ ಸಿಟ್ಟು ನೆತ್ತಿಗೇರಿತು. "ದನಕ್ಕ ಯಾರರೆ ಹೆಸರಿಡೋ ಕಾರ್ಯ ಮಾಡ್ತಾರೇನ್ರಿ? ಮರ್ಯಾದಿ ಬ್ಯಾಡೇನು?"

ಆದರೂ ಹೋದರು. ಕರೆದಲ್ಲೆಲ್ಲ ಹೋಗಿ, ಬೇಡವಾದ ಹೋಳಿಗೆ ತಿಂದು, ಕೊಡಬೇಕಾದ್ದನ್ನು ಕೊಟ್ಟುಬಂದರು. ಸಿಕ್ಕ ಬೆಲೆಗೆ ತೊಗರಿ ಹೋಯಿತು. ಎಮ್ಮೆ, ಕರು ಎರಡೂ ಹೋದವು. ಒಂದು ಮಾತು ಹೇಳಲೇಬೇಕು, ಯಾರ ಆಯೇರಿಯನ್ನೂ ಅವರು ಮುಳುಗಿಸಲಿಲ್ಲ.

ಉಳಿದದ್ದು ಶಾಂತಾಳ ಲಗ್ನವೊಂದೇ. ಒಂದು ಸಂಜೆ ಕಾಕಾ ನಮ್ಮನ್ನೆಲ್ಲ ಕೂರಿಸಿಕೊಂಡು ಹುರುಪಿನಿಂದ ಹೇಳಿದರು: "ಈ ತಿಂಗಳೇ ಲಗ್ನ. ಆಯೇರಿ ಬಂತಂದ್ರ ಮತ್ತ ಗಂಜಿಗಿ ಇಳೀತೇನಿ."

ಶಾಂತಾ ಒಳಗಿನಿಂದ ಬಂದು ಎಲ್ಲರೆದುರು ನಿಂತಳು. "ಅಪ್ಪಾ, ಒಂದ ರೂಪಾಯಿ ಆಯೇರಿ ತಗೊಂಡ್ರೂ ನಾ ಬಾಸಿಂಗ ಕಟ್ಟಿಸಿಕೊಳ್ಳೂದಿಲ್ಲ. ನಾ ನಿನ್ನ ಮಗಳು, ತೊಗರಿ ಚೀಲ ಅಲ್ಲ."

ನನಗೆ ಕಾಕಾರ ಮುಖ ನೋಡಲಾಗಲಿಲ್ಲ.

ಲಗ್ನವಾಯಿತು. ಹುಗ್ಗಿ, ಸಾರು, ಅಕ್ಷತೆ, ಅಷ್ಟೇ. ನನ್ನ ಅವ್ವ ಶಾಂತಾಳಿಗೆಂದು ಒಂದು ಸೀರೆ ಒಯ್ದಿದ್ದಳು. ಕಾಕಾ ಕೈ ಹಿಂದೆ ಕಟ್ಟಿಕೊಂಡರು. "ಒಯ್ಯಿರಿ ವೈನಿ. ಇದನ್ನ ಮುಟ್ಟಿದೆ ಅಂದ್ರ ನಾಳಿ ಮುಂಜಾನಿ ನಾ ಗಂಜಿನಾಗ ಇರ್ತೇನಿ." ಹೇಳುತ್ತ ಹೇಳುತ್ತ ಅತ್ತುಬಿಟ್ಟರು.

ಕಾಕಿ ತೀರಿಕೊಂಡ ಮೇಲೆ ಅವರು ಔರಾದಿನಲ್ಲಿ ಮಗಳ ಹತ್ತಿರವೇ ಉಳಿದರು. ನನ್ನ ಮಗನ ತೊಟ್ಟಿಲಿಗೆ ಕರೆಯಲು ಹೋದಾಗ ಅನುಮಾನಿಸಿದರು. "ಖಾಲಿ ಕೈಲೆ ಬರ್ತೇನಿ ಮಾಸ್ತರ, ನಡೀತದೇನು?"

"ನೀವು ಬಂದ್ರ ಸಾಕ್ರಿ ಕಾಕಾ."

ಬಂದರು. ಒಗೆದ ಧೋತರ ಉಟ್ಟು ಬೆಳಗಿನ ಬಸ್ಸಿಗೇ ಬಂದರು. ಹೊಟ್ಟೆ ತುಂಬ ಉಂಡು, ಕೂಸಿನ ತಲೆಯ ಮೇಲೆ ಕೈ ಇಟ್ಟು ಸುಮ್ಮನೆ ನಿಂತರು. ಯಾವ ಕಾರ್ಯದಲ್ಲೂ ಅವರನ್ನು ನಾನು ಅಷ್ಟು ನಿರಾಳವಾಗಿ ಕಂಡಿರಲಿಲ್ಲ.

ಆ ಮಳೆಗಾಲದಲ್ಲೇ ಹೋಗಿಬಿಟ್ಟರು. ಸುದ್ದಿ ತಿಳಿದು ನಾನು ಔರಾದ ಮುಟ್ಟುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ಶಾಂತಾ ಬಾಗಿಲಲ್ಲಿ ಕೂತಿದ್ದಳು, ಅವಳ ಸಣ್ಣ ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಆ ಕೂಸಿನ ತಲೆಯ ಮೇಲೆ ಕೈ ಇಟ್ಟು, ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದೆ.