ಒಲೆ ಪಕ್ಕದ ಗಾಳಿ

ಬೇರೆಯವರಿಗೆ ಹೆಬ್ಬೆಟ್ಟು ಅಂದರೆ ಓದು ಬರಹ ಬಾರದವರ ಸಹಿ. ಈ ಸೈಕಲ್ ಅಂಗಡಿಯವನಿಗೆ ಮಾತ್ರ ಅದೇ ಪದವಿ, ಅದೇ ಪದಕ. ಟೈರನ್ನು ಹೆಬ್ಬೆರಳಿನಿಂದ ಒಮ್ಮೆ ಅದುಮುವನು, ಕಣ್ಣು ಮುಚ್ಚುವನು, ನಾಡಿ ಹಿಡಿದ ವೈದ್ಯನ ಹಾಗೆ ಮುಖ ಗಂಭೀರ ಮಾಡಿಕೊಂಡು "ಇನ್ನೊಂದಿಷ್ಟು ಬೇಕು" ಅನ್ನುವನು. ಬೀದಿಯವರು ಗೇಲಿ ಮಾಡಿ ಹೆಬ್ಬೆಟ್ಟಪ್ಪ ಎಂದು ಕರೆದರೆ, ಪುಣ್ಯಾತ್ಮ ಅದನ್ನು ಬಿರುದು ಅಂದುಕೊಂಡು ಬೋರ್ಡಿನ ಮೇಲೇ ಬರೆಸಿಬಿಟ್ಟ.

ಎದುರಂಗಡಿ ಅವನ ಹೆಂಡತಿಯ ತಮ್ಮನದು. ಭಾವನ ಹತ್ತಿರವೇ ಕೆಲಸ ಕಲಿತು, ಆಮೇಲೆ ಬೀದಿ ದಾಟಿ ಸ್ವಂತ ಅಂಗಡಿ ಇಟ್ಟವನು. ಅಂಗಡಿ ಅಂದರೆ ಮೂರು ಗೋಡೆ, ಮೇಲೊಂದು ತಗಡು, ಬಾಗಿಲಿಗೆ ಗತಿಯಿಲ್ಲ. ಆದರೆ ಅವನ ಬಳಿ ಗಾಳಿ ಅಳೆಯುವ ಮೀಟರ್ ಇತ್ತು. ಗಾಜಿನ ಮುಖ, ಒಳಗೆ ಕೆಂಪು ಮುಳ್ಳು. ಜನ ಬಗ್ಗಿ ಬಗ್ಗಿ ಆ ಮುಳ್ಳನ್ನು ನೋಡಿ ಸಮಾಧಾನದಿಂದ ಸೈಕಲ್ ಹತ್ತುತ್ತಿದ್ದರು. "ಮುಳ್ಳು ನೋಡಿ ಗಾಳಿ ಹೊಡೆಯೋನು, ಪುಸ್ತಕ ನೋಡಿ ಈಜೋನು, ಇಬ್ರೂ ಒಂದೇ" ಎಂದು ಹೆಬ್ಬೆಟ್ಟಪ್ಪ ಎದುರಂಗಡಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದ.

ಎಲ್ಲ ಸರಿಯಾಗಿಯೇ ನಡೆದಿತ್ತು, ಚಳಿ ಬರುವ ತನಕ. ಆ ವರ್ಷ ನಲ್ಲಿಯ ನೀರು ಮುಟ್ಟಿದರೆ ಕೈ ಕಿತ್ತುಬರುವಂಥ ಚಳಿ. ಬೀದಿಯಲ್ಲಿ ನಿಂತರೆ ಹೆಬ್ಬೆಟ್ಟಪ್ಪನ ಹೆಬ್ಬೆರಳು ಮರಗಟ್ಟಿ, ಟೈರು ಮುಟ್ಟಿದರೂ ಕಲ್ಲು, ಕಡಲೆ ಮುಟ್ಟಿದರೂ ಕಲ್ಲು. ಆದರೇನು, ಅವನಿಗೊಂದು ಉಪಾಯ ಹೊಳೆಯಿತು. ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಒಲೆ. ಸೈಕಲ್ಲುಗಳನ್ನೆಲ್ಲ ಅಡುಗೆಮನೆಗೆ ತಳ್ಳಿಕೊಂಡು ಬಂದು, ಒಲೆಯ ಪಕ್ಕ ನಿಲ್ಲಿಸಿ, ಬೆರಳು ಕಾಯಿಸಿಕೊಂಡು ಗಾಳಿ ತುಂಬತೊಡಗಿದ. ಅವನ ಹೆಂಡತಿ ಒಂದು ಚಕ್ರ ದಾಟಿ ಉಪ್ಪಿನ ಡಬ್ಬಿ ತೆಗೆದುಕೊಳ್ಳಬೇಕು, ಇನ್ನೊಂದು ಚಕ್ರ ದಾಟಿ ವಾಪಸ್ಸು ಬರಬೇಕು.

ಅದನ್ನೂ ಆಕೆ ಸಹಿಸಿದಳು. ಸಹಿಸಲಾರದ್ದು ತನ್ನ ಸೈಕಲ್ಲಿನ ಗತಿ. ಆಕೆ ಬಟ್ಟೆ ಹೊಲಿಯುವವಳು; ಕೋಟು, ಪರದೆ ಹೊಲಿದು ಕ್ಯಾರಿಯರಿಗೆ ಕಟ್ಟಿಕೊಂಡು ಮನೆಮನೆಗೆ ಕೊಟ್ಟುಬರುವವಳು. ಅಡುಗೆಮನೆಯಲ್ಲಿ ಗಟ್ಟಿಯಾಗಿದ್ದ ಟೈರು ಬೀದಿಯ ಚಳಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮೆತ್ತಗಾಗುತ್ತಿತ್ತು. ಏರಿನಲ್ಲಿ ಸೈಕಲ್ ಮುಂದಕ್ಕೇ ಹೋಗದು.

"ರೀ, ನಿಮ್ಮ ಗಾಳಿ ಹೊಸಿಲು ದಾಟಿದ್ರೆ ನಿಲ್ಲಲ್ಲ" ಅಂದಳು ಒಂದು ದಿನ.

"ನನ್ನ ಗಾಳಿಗೇನಾಗಿದೆ? ಯಾರೋ ಬಿಡ್ತಿದ್ದಾರೆ" ಅಂದ ಅವನು, ಎದುರಂಗಡಿಯ ಕಡೆ ಕಣ್ಣು ಹಾಯಿಸಿ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನೊಂದು ಸಲ ಹೀಗಾದ್ರೆ ನನ್ನ ತಮ್ಮನ ಹತ್ರಾನೇ ಗಾಳಿ ಹೊಡೆಸ್ತೀನಿ, ನೋಡಿ."

ಹೆಬ್ಬೆಟ್ಟಪ್ಪ ಕೈಯಲ್ಲಿದ್ದ ಪಂಪ್ ಕೆಳಗಿಟ್ಟ. ಕಟ್ಟಿಕೊಂಡ ಹೆಂಡತಿಯೇ ಎದುರಂಗಡಿಗೆ ಹೋದರೆ ಉಳಿದವರು ಇವನ ಬೋರ್ಡಿನ ಕಡೆ ತಿರುಗಿಯಾದರೂ ನೋಡುತ್ತಾರೆಯೇ? ಬೀದಿಗೆ ಬೀದಿಯೇ ನಗುತ್ತದೆ.

ಗಾಳಿಗಳ್ಳನನ್ನು ಹಿಡಿದೇ ತೀರುತ್ತೇನೆಂದು ಅವನು ಕಾವಲು ಕೂತ. ಹೆಂಡತಿಯ ಸೈಕಲ್ಲನ್ನು ಬಾಗಿಲ ಮುಂದೆ ನಿಲ್ಲಿಸಿ, ತಾನು ಮೂಲೆಯಲ್ಲಿ ಹಳೇ ಟೈರುಗಳ ಗುಡ್ಡೆಯ ಹಿಂದೆ ಅಡಗಿ, ಕುತ್ತಿಗೆಗೆ ಎರಡು ಟೈರು ಹಾಕಿಕೊಂಡು ಬೇಟೆಗಾರನ ಹಾಗೆ ಇಣುಕಿದ. ಬಂದದ್ದು ಒಂದು ನಾಯಿ. ಅದು ಹಿಂದಿನ ಚಕ್ರಕ್ಕೆ ತನ್ನ ಕೈಲಾದ ಸೇವೆ ಸಲ್ಲಿಸಿ ಹೋಯಿತು. ಗಾಳಿಯನ್ನಂತೂ ಮುಟ್ಟಲಿಲ್ಲ. ಆದರೂ ಟೈರು ಮೆತ್ತಗೆ!

ಮಾರನೆಯ ಬೆಳಗ್ಗೆ ಹೆಂಡತಿ ನಡುಗುತ್ತಾ ಎದ್ದು ನೋಡಿದರೆ, ತನ್ನ ರಜಾಯಿ ಸೈಕಲ್ಲಿನ ಮೈಮೇಲೆ. ಮಂಚದ ಪಕ್ಕದಲ್ಲೇ ನಿಂತಿತ್ತು ಅದು, ಹ್ಯಾಂಡಲ್ಲಿಗೆ ಉಣ್ಣೆಯ ಟೋಪಿ ಬೇರೆ.

"ಮುಟ್ಟಿ ನೋಡು, ಹೇಗಿದೆ!" ಅಂದ ಗಂಡ ಬೀಗುತ್ತಾ. "ಮನೆಯೊಳಗೆ ಕಳ್ಳ ಬರೋಕಾಗಲ್ಲ, ಬಂದ್ರೂ ಯಾರೋ ಮಲಗಿದ್ದಾರೆ ಅಂದ್ಕೋಬೇಕು. ಅದಕ್ಕೇ ಗಾಳಿ ನಿಂತಿದೆ."

ಟೈರು ಗಟ್ಟಿಯಾಗಿಯೇ ಇತ್ತು. ಆಕೆ ಪರದೆಗಳ ಗಂಟು ಕಟ್ಟಿಕೊಂಡು ಹೊರಟಳು. ಮಧ್ಯಾಹ್ನ ವಾಪಸ್ಸು ಬಂದದ್ದು ಸೈಕಲ್ ತಳ್ಳಿಕೊಂಡು. ಗಂಟು ಹಾಗೇ ಇತ್ತು, ಏರು ಹತ್ತಲಾಗಿರಲಿಲ್ಲ. ಒಂದು ಮಾತೂ ಆಡದೆ ಮೆಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ನೋಡಿದಳು. ಬೆರಳು ಬಗ್ಗಲಿಲ್ಲ. ಮತ್ತೆ ನೋಡಿದಳು. ದಾರ ಕೈಜಾರಿ ಬಿತ್ತು.

ಬೈದಿದ್ದರೆ ಹೆಬ್ಬೆಟ್ಟಪ್ಪ ತಡೆದುಕೊಳ್ಳುತ್ತಿದ್ದ. ಬೈಗುಳ ತಿಂದು ಅರಗಿಸಿಕೊಂಡ ಹೊಟ್ಟೆ ಅದು. ಈ ಮೌನ ಅರಗಲಿಲ್ಲ. ಆ ನೀಲಿಗಟ್ಟಿದ ಬೆರಳುಗಳನ್ನು ನೋಡಿ ಅವನಿಗೆ ಬೀದಿ, ಬೋರ್ಡು, ಬಿರುದು ಎಲ್ಲದರ ಮೇಲೂ ನಾಚಿಕೆಯಾಯಿತು. ಎದ್ದ. ಹೆಂಡತಿಯ ಸೈಕಲ್ ಹಿಡಿದ. ಹಾಡುಹಗಲಲ್ಲಿ, ಪಕ್ಕದಂಗಡಿಯ ಹಜಾಮನೂ ಅವನ ಗಿರಾಕಿಯೂ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದು ನೋಡುತ್ತಿರುವಾಗ, ಬೀದಿ ದಾಟಿದ.

"ಭಾವ! ನೀವಾ?" ಎಂದು ಎದುರಂಗಡಿಯವನು ಪಂಪ್ ಕೈಬಿಟ್ಟ.

"ಮುಚ್ಚು ಬಾಯಿ. ಇದಕ್ಕೆ ಗಾಳಿ ಹೊಡಿ. ನಿನ್ನ ಆ ಮುಳ್ಳಿಟ್ಟು ನೋಡಿ ಹೊಡಿ."

ಭಾಮೈದ ಗಾಳಿ ತುಂಬಿದ, ಸೀಟಿನ ಮೇಲೆ ತಾನೇ ಕೂತು ಟೈರು ಎಷ್ಟು ಉಬ್ಬುತ್ತದೆಂದು ಬಗ್ಗಿ ನೋಡಿದ, ಇಳಿದು ಇನ್ನಷ್ಟು ತುಂಬಿದ. ಕೊನೆಗೆ ಮೀಟರ್ ಹಚ್ಚಿದ. ಹೆಬ್ಬೆಟ್ಟಪ್ಪ ಮೂಗು ತಾಗುವಷ್ಟು ಹತ್ತಿರ ಬಗ್ಗಿದ. ಮುಳ್ಳು ಹಚ್ಚುವ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು. ತೆಗೆದ ಮೇಲೂ ಅಲ್ಲೇ.

"ಲೋ, ಇದು ಅಲ್ಲಾಡ್ತಾನೇ ಇಲ್ವಲ್ಲೋ!"

"ಮೆತ್ತಗೆ, ಭಾವ, ಮೆತ್ತಗೆ! ಅದು ಸತ್ತು ಎಷ್ಟೋ ಕಾಲ ಆಯ್ತು. ಜನಕ್ಕೆ ಮುಳ್ಳು ಕಂಡ್ರೆ ಧೈರ್ಯ, ಇಟ್ಕೊಂಡಿದ್ದೀನಿ. ನಾನು ಗಾಳಿ ನೋಡೋದು ಕೂತು."

"ಮತ್ತೆ ನೀನು ಹೊಡೆದಿದ್ದು ಮಾತ್ರ ಹೇಗೋ ನಿಲ್ಲುತ್ತೆ?"

"ನನಗೆಲ್ಲಿದೆ ಬಾಗಿಲು? ಸೈಕಲ್ಲೂ ಚಳೀಲಿ, ನಾನೂ ಚಳೀಲಿ. ನೀವು ಒಲೆ ಪಕ್ಕ ತುಂಬ್ತೀರಿ. ಬೆಚ್ಚಗಿದ್ದ ಗಾಳಿ ಹೊರಗೆ ಬಂದ್ರೆ ಮುದುಡಿಕೊಳ್ಳುತ್ತೆ, ನಮ್ಮ ಹಾಗೇನೇ. ಚಳೀಲೇ ನಿಲ್ಲಿಸಿ ಚಳೀಲೇ ತುಂಬಬೇಕು."

ಹೆಬ್ಬೆಟ್ಟಪ್ಪನ ನಾಲಿಗೆಯ ತುದಿಗೆ ಇಡೀ ಬೀದಿಗೆ ಕೇಳುವಂಥ ಕೂಗು ಬಂದು ನಿಂತಿತು. ಆ ಮುಳ್ಳಿನ ಬಣ್ಣ ಬಯಲು ಮಾಡಲು ಒಂದೇ ಮಾತು ಸಾಕಾಗಿತ್ತು. ಅಷ್ಟರಲ್ಲಿ ಹೆಂಡತಿ ಶಾಲು ಹೊದ್ದು ಬೀದಿ ದಾಟಿ ಬಂದಳು.

"ಏನಂತೆ ಮೀಟರ್?" ಅಂದಳು.

ಭಾಮೈದ ಭಾವನ ಮುಖವನ್ನೇ ನೋಡಿದ, ಜೀವ ಕೈಯಲ್ಲಿ ಹಿಡಿದುಕೊಂಡು.

ಹೆಬ್ಬೆಟ್ಟಪ್ಪ ಆ ಕೂಗನ್ನು ಕಷಾಯದಂತೆ ನುಂಗಿದ. "ಸರಿಯಾಗಿದೆಯಂತೆ" ಅಂದ. "ತಪ್ಪು ನಂದೇ ಕಣೇ. ಒಲೆ ಪಕ್ಕ ತುಂಬಬಾರದಿತ್ತು."

ಆಕೆ ಸೈಕಲ್ ಹತ್ತಿ ಬೀದಿಯ ಕೊನೆಯ ತನಕ ಹೋಗಿ ಬಂದಳು. ಗಂಡ ಚಕ್ರದ ಮೇಲೇ ಕಣ್ಣಿಟ್ಟು ನಿಂತಿದ್ದ. ಇನ್ನು ಇವಳು ಇಲ್ಲಿಗೇ ಬರುವವಳು ಎಂದು ಅವನಿಗೆ ಖಾತ್ರಿಯಾಗಿತ್ತು.

"ಗಾಳಿ ಚೆನ್ನಾಗಿದೆ ಕಣೋ" ಅಂದಳು ತಮ್ಮನಿಗೆ. ಆಮೇಲೆ ಗಂಡನ ಕಡೆ ತಿರುಗಿ, "ನಾಳೆಯಿಂದ ನಮ್ಮ ಅಂಗಡೀಲೇ ಹೊಡೀರಿ" ಅಂದಳು.

"ಯಾಕೆ? ಇಲ್ಲಿ ಚೆನ್ನಾಗಿದೆ ಅಂದೆಯಲ್ಲ?"

"ನಂಗೋಸ್ಕರ ಬೀದಿ ದಾಟಿದ್ರಲ್ಲ, ಅಷ್ಟು ಸಾಕು ನಂಗೆ. ಆದ್ರೆ ಹೊರಗೆ ನಿಂತು ಹೊಡೀಬೇಕು."

"ಈ ಚಳೀಲಾ?"

"ಈ ಚಳೀಲೇ" ಅಂದು, ತನ್ನ ಶಾಲು ತೆಗೆದು ಎಲ್ಲರೆದುರೇ ಅವನ ಕಿವಿ ಮುಚ್ಚುವಂತೆ ಸುತ್ತಿ, ಗಂಟು ಹಾಕಿದಳು.